ಹದಿಮೂರು ಸಾವಿರದ ಆಟಿಕೆ ಕಾರು

ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ಚಾಕಣದ ಕಾರ್ಖಾನೆಯಲ್ಲಿ ಮೀಟಿಂಗ್ ನಡೆದಿತ್ತು. ಮನೆಯಿಂದ ಮೂರನೇ ಸಲ ಫೋನ್ ಬಂದಾಗ ಏನೋ ಆಗಿದೆ ಅಂತ ಹೊರಗೆ ಬಂದು ಎತ್ತಿದೆ.

‘ರೀ, ಬಾಗಲಾಗ ಪೋಸ್ಟ್‌ಮನ್ ನಿಂತಾರ. ಇಂಗ್ಲೆಂಡಿನಿಂದ ನಿಮ್ಮ ಹೆಸರಿಗೆ ಒಂದು ಡಬ್ಬಿ ಬಂದೈತಿ. 5,564 ರೂಪಾಯಿ ಕೊಟ್ಟರ ಕೊಡ್ತೀನಿ ಅನ್ನಾಕತ್ತಾರ. ಏನ್ ತರಿಸೀರಿ, ಬಂಗಾರೇನು?’

ಬಂಗಾರವಲ್ಲ. ಮೂರು ಇಂಚು ಉದ್ದದ, ಕೆಂಪು ಬಣ್ಣದ ಒಂದು ಆಟಿಕೆ ಕಾರು. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ 1989ರ ದಸರೆಗೆ ಅಪ್ಪ ಹದಿನೆಂಟೋ ಇಪ್ಪತ್ತೋ ರೂಪಾಯಿ ಕೊಟ್ಟು ತಂದಿದ್ದ ಕಾರಿನ ಜೋಡಿ. ‘ಕೊಟ್ಟು ಇಸ್ಕೊ, ಸಂಜೀಕ ಬಂದು ಹೇಳ್ತೀನಿ’ ಅಂದು ಫೋನ್ ಇಟ್ಟೆ. ಆ ದಿನ ಸಂಜೆ ಆಫೀಸಿನ ಬಸ್ಸು ಪಿಂಪ್ರಿಯ ಟ್ರಾಫಿಕ್‌ನಲ್ಲಿ ಎಷ್ಟು ತಡಮಾಡಿದರೂ ನನಗೇನೂ ಬೇಸರವಾಗಲಿಲ್ಲ.

ಇದು 2023ರ ಫೆಬ್ರುವರಿಯ ಮಾತು. ಪರದೇಶದ ಮಾರಾಟಗಾರರಿಂದ ಹಳೆಯ ಆಟಿಕೆ ತರಿಸುವ ನನ್ನ ಚಟಕ್ಕೆ ಆಗ ಐದು ವರ್ಷ. ನಮ್ಮಂತೆ ಊರು ಬಿಟ್ಟು ಬಂದವರಲ್ಲಿ ಈ ಚಟ ಇರುವವರು ಒಬ್ಬಿಬ್ಬರಲ್ಲ ಎಂದು ಈಗ ನನಗೆ ಗೊತ್ತು. ಹೈದರಾಬಾದಿನ ಒಬ್ಬ ಗೆಳೆಯ ಜಪಾನಿನಿಂದ ಟೊಮಿಕಾ ಕಾರು ತರಿಸುತ್ತಾನೆ. ಚೆನ್ನೈನಲ್ಲಿರುವ ನನ್ನ ಸೋದರಮಾವನ ಮಗ ಅಮೆರಿಕದಿಂದ ಟ್ರಾನ್ಸ್‌ಫಾರ್ಮರ್ಸ್ ತರಿಸುತ್ತಾನೆ. ಸಂಬಳ ಕೈಯಲ್ಲಿದೆ, ಕಾರ್ಡಿದೆ, ಚಿಕ್ಕಂದಿನಲ್ಲಿ ಸಿಗದೇ ಹೋದದ್ದು ಫೋನಿನ ಪರದೆಯ ಮೇಲೆ ಮಿನುಗುತ್ತಿದೆ. ಆದರೆ ಪರದೆಯ ಮೇಲೆ ಕಾಣುವ ಬೆಲೆಗೂ ಬಾಗಿಲಲ್ಲಿ ತೆರುವ ಬೆಲೆಗೂ ಇರುವ ಅಂತರವನ್ನು ನಾವ್ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದೇ ಕಾರು, ಅವರ ಅಂಗಡಿ

‘ನಮ್ಮ ಹುಬ್ಬಳ್ಳಿಯಲ್ಲಿ ಸಿಕ್ಕ ಕಾರು ಇಂಗ್ಲೆಂಡಿನಲ್ಲಿ ಏನು ಮಾಡುತ್ತಿತ್ತು?’ ಎಂದು ನೀವು ಕೇಳಬಹುದು. ಅದಕ್ಕೊಂದು ಕಥೆಯಿದೆ.

ನಾವು ಹುಡುಗರಾಗಿದ್ದಾಗ ಹೊರದೇಶದ ಗ್ರಾಹಕ ವಸ್ತುಗಳನ್ನು ಇಷ್ಟ ಬಂದಂತೆ ಆಮದು ಮಾಡಿಕೊಳ್ಳುವ ಹಾಗಿರಲಿಲ್ಲ. ಆ ಕಟ್ಟುಪಾಡಿನ ಕೊನೆಯ ಕಂತು ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಹೀಗಾಗಿ ಹೊರಗಿನ ಹೆಸರಾಂತ ಆಟಿಕೆಗಳು ಇಲ್ಲಿಯ ಕಂಪನಿಗಳ ಕೈಯಲ್ಲಿ, ಇಲ್ಲೇ ತಯಾರಾಗುತ್ತಿದ್ದವು. ಬ್ರಿಟನ್ನಿನ ಪ್ರಸಿದ್ಧ ಡಿಂಕಿ ಕಾರುಗಳ ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದು, ‘ನಿಕಿ ಟಾಯ್ಸ್’ ಹೆಸರಿನಲ್ಲಿ ಮರುಹುಟ್ಟು ಪಡೆದವು. ಮ್ಯಾಚ್‌ಬಾಕ್ಸ್‌ನ ಅಚ್ಚುಗಳಿಂದಲೂ ಅಲ್ಲಿ ಕಾರುಗಳು ತಯಾರಾದವು. 1968ರಲ್ಲಿ ಅಮೆರಿಕದಲ್ಲಿ ಶುರುವಾದ ಹಾಟ್ ವೀಲ್ಸ್, ಎಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಿಗೆ ‘ಲಿಯೊ’ ಹೆಸರಿನೊಂದಿಗೆ ಬಂತು. ಕಾರನ್ನು ಮಗುಚಿ ನೋಡಿದರೆ ತಳದಲ್ಲಿ ‘ಇಂಡಿಯಾ’ ಎಂಬ ಅಚ್ಚು. ಫನ್‌ಸ್ಕೂಲ್ ತಯಾರಿಸಿದ ಜಿ.ಐ. ಜೋ ಗೊಂಬೆಗಳದ್ದೂ ಇದೇ ಕಥೆ.

ಇವುಗಳ ಬಣ್ಣ ಮೂಲಕ್ಕಿಂತ ಬೇರೆ. ಅಮೆರಿಕದಲ್ಲಿ ನೀಲಿ ಇದ್ದದ್ದು ಇಲ್ಲಿ ಹಸಿರಾಗಿರುತ್ತಿತ್ತು. ಸ್ಟಿಕ್ಕರ್ ವಾರೆಯಾಗಿರುತ್ತಿತ್ತು. ನಮಗೆ ಅದೆಲ್ಲ ಕಾಣಲೇ ಇಲ್ಲ. ಮಣ್ಣಿನಲ್ಲಿ ಓಡಿಸಿದೆವು, ಕಲ್ಲಿಗೆ ಡಿಕ್ಕಿ ಹೊಡೆಸಿದೆವು, ಕೊನೆಗೆ ಗುಜರಿಗೆ ಹಾಕಿದೆವು. ಆ ವಿಚಿತ್ರ ಬಣ್ಣವೇ ಬೇಕೆಂದು ಹುಡುಕಿ ಒಟ್ಟುಮಾಡಿದವರು ಇಂಗ್ಲೆಂಡು ಅಮೆರಿಕದ ಸಂಗ್ರಾಹಕರು. ಹೀಗಾಗಿ ನಮ್ಮ ಬಾಲ್ಯದ ಎಷ್ಟೋ ಕಾರುಗಳು ಇವತ್ತು ನಮಗಿಂತ ಅವರ ಕಪಾಟುಗಳಲ್ಲಿ ಚೆನ್ನಾಗಿ ಉಳಿದಿವೆ. ಬೇಕೆಂದರೆ ಅವರಿಂದಲೇ ಕೊಳ್ಳಬೇಕು, ಅವರ ದುಡ್ಡಿನಲ್ಲೇ ಕೊಳ್ಳಬೇಕು.

ನನಗೆ ಬೇಕಿದ್ದ ಕೆಂಪು ಕಾರು ಸಿಕ್ಕಿದ್ದು ಉತ್ತರ ಇಂಗ್ಲೆಂಡಿನ ಒಬ್ಬ ನಿವೃತ್ತರ ಹತ್ತಿರ. ಪ್ಯಾಕೆಟ್ ಒಡೆದಿರಲಿಲ್ಲ. ಹಿಂದಿನ ರಟ್ಟು, ಮುಂದಿನ ಪ್ಲಾಸ್ಟಿಕ್ ಗುಳ್ಳೆ, ಎರಡೂ ಹಾಗೇ ಇದ್ದವು. ಬೆಲೆ 60 ಪೌಂಡ್. ಪ್ಯಾಕೆಟ್ ಇಲ್ಲದ, ಬಣ್ಣ ಹೋದ ಅದೇ ಕಾರು ಇನ್ನೊಬ್ಬರ ಹತ್ತಿರ 12 ಪೌಂಡಿಗಿತ್ತು. ನಾನು 60ರದ್ದನ್ನೇ ಆರಿಸಿದೆ.

5,564 ಎಲ್ಲಿಂದ ಬಂತು?

ಆ ದಿನಗಳಲ್ಲಿ ಪೌಂಡ್ ಬೆಲೆ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಲೆಕ್ಕ ಸುಲಭವಾಗಲಿ, ನೂರೇ ಅಂತ ಹಿಡಿಯೋಣ. ಕಾರಿಗೆ ₹6,000. ಅಂಚೆ ವೆಚ್ಚ 12 ಪೌಂಡ್, ಅಂದರೆ ₹1,200. ಅಲ್ಲಿಗೆ ₹7,200.

ಮೊದಲ ಏಟು ಕೊಡುವುದು ನಮ್ಮದೇ ಬ್ಯಾಂಕ್ ಕಾರ್ಡು. ವಿದೇಶಿ ಕರೆನ್ಸಿಯಲ್ಲಿ ಖರೀದಿ ಮಾಡಿದರೆ ಬಹಳಷ್ಟು ಕಾರ್ಡುಗಳು ಮೂರೂವರೆ ಶೇಕಡದಷ್ಟು ಹೆಚ್ಚುವರಿ ಹಾಕುತ್ತವೆ. ಆ ಹೆಚ್ಚುವರಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ. ₹7,200ಕ್ಕೆ ಇದು ₹297 ಆಯಿತು. ಬಿಲ್ಲಿನಲ್ಲಿ ಪುಟ್ಟ ಅಕ್ಷರದಲ್ಲಿ, ಬೇರೆ ಸಾಲಿನಲ್ಲಿ ಬರುವುದರಿಂದ ಐದು ವರ್ಷ ನಾನಿದನ್ನು ಗಮನಿಸಿಯೇ ಇರಲಿಲ್ಲ.

ಎರಡನೆಯದು ಸೀಮಾ ಸುಂಕ. ಸ್ವಂತ ಬಳಕೆಗೆ ಅಂಚೆಯಲ್ಲೋ ಕೊರಿಯರ್‌ನಲ್ಲೋ ತರಿಸುವ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಬೇರೆಯದೇ ಶೀರ್ಷಿಕೆ ಇದೆ. ಅಂಗಿಯೋ ಆಟಿಕೆಯೋ ಅದು ಹೆಚ್ಚು ವಿಚಾರಿಸುವುದಿಲ್ಲ. 2023ರ ಆರಂಭದಲ್ಲಿ ಅದರ ಲೆಕ್ಕ ಹೀಗಿತ್ತು: ಮೂಲ ಸುಂಕ ಶೇ 35. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್. ವಸ್ತುವಿನ ಬೆಲೆ, ಸುಂಕ, ಸರ್‌ಚಾರ್ಜ್ ಮೂರನ್ನೂ ಕೂಡಿಸಿ, ಆ ಮೊತ್ತದ ಮೇಲೆ ಶೇ 28ರಷ್ಟು ಐಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಕೂತು ಒಟ್ಟು ಶೇ 77.28.

ಗಮನಿಸಿ, ಈ ಲೆಕ್ಕ ಹಾಕುವುದು ಕಾರಿನ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ ವೆಚ್ಚವೂ ಅದರಲ್ಲಿ ಸೇರುತ್ತದೆ. ನನ್ನ ಪಾರ್ಸೆಲ್‌ಗೆ ₹7,200ರ ಮೇಲೆ ಮೂಲ ಸುಂಕ ₹2,520, ಸರ್‌ಚಾರ್ಜ್ ₹252, ಐಜಿಎಸ್‌ಟಿ ₹2,792. ಒಟ್ಟು ₹5,564. ಹೆಂಡತಿ ಬಾಗಿಲಲ್ಲಿ ಎಣಿಸಿ ಕೊಟ್ಟ ದುಡ್ಡು ಇದೇ. ಎಲ್ಲ ಸೇರಿ ಕಾರು ನಮ್ಮ ಮನೆ ಹೊಸ್ತಿಲು ದಾಟುವಾಗ ಅದರ ಬೆಲೆ ₹13,061. ಆರು ಸಾವಿರದ ವಸ್ತುವಿಗೆ ಎರಡು ಪಟ್ಟಿಗೂ ಮೇಲೆ.

ಇದು ಆಗಿನ ದರ. ಈ ದರಗಳು ಬಜೆಟ್‌ನಿಂದ ಬಜೆಟ್‌ಗೆ, ಜಿಎಸ್‌ಟಿ ಮಂಡಳಿಯ ಸಭೆಯಿಂದ ಸಭೆಗೆ ಬದಲಾಗುತ್ತವೆ. ಹೀಗಾಗಿ ನನ್ನ ಶೇಕಡಾವಾರು ನಂಬಿ ಕೊಳ್ಳಬೇಡಿ, ಕೊಳ್ಳುವ ದಿನದ ದರ ನೋಡಿಕೊಳ್ಳಿ. ಲೆಕ್ಕ ಹಾಕುವ ರೀತಿಯನ್ನಷ್ಟೇ ನೆನಪಿಡಿ: ಬೆಲೆ, ಅದಕ್ಕೆ ಅಂಚೆ, ಎರಡರ ಮೇಲೆ ಸುಂಕ, ಎಲ್ಲದರ ಮೇಲೆ ಜಿಎಸ್‌ಟಿ.

‘ಇದು ಭಾರತದಲ್ಲೇ ಹುಟ್ಟಿದ ಕಾರು, ತವರಿಗೆ ಮರಳುತ್ತಿದೆ’ ಎಂಬ ವಾದ ನಡೆಯುವುದಿಲ್ಲ. ‘ಹಳೆಯದು’ ಎಂಬ ವಾದವೂ ನಡೆಯುವುದಿಲ್ಲ. ಸುಂಕದ ಪಟ್ಟಿಯಲ್ಲಿ ಪುರಾತನ ವಸ್ತು ಅನ್ನಿಸಿಕೊಳ್ಳಲು ನೂರು ವರ್ಷ ದಾಟಿರಬೇಕು. ನನ್ನ ಕಾರಿಗೆ ಮೂವತ್ತನಾಲ್ಕು. ‘ಗಿಫ್ಟ್ ಅಂತ ಬರೆಸಿ ತರಿಸು’ ಎಂದು ಉಪದೇಶ ಮಾಡುವವರು ಈಗಲೂ ಇದ್ದಾರೆ. ಮೊದಲು ₹5,000ವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ, ನಿಜ. 2019ರ ಡಿಸೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು.

ಸುಂಕವನ್ನು ಬೈಯುವುದು ಸುಲಭ. ಆದರೆ ಇನ್ನೊಂದು ಬದಿಯೂ ಇದೆ. ವ್ಯಾಪಾರಕ್ಕೆ ತರುವ ಆಟಿಕೆಗಳ ಮೂಲ ಸುಂಕವನ್ನು ಸರ್ಕಾರ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಹದಿನಾಲ್ಕರ ಒಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಚನ್ನಪಟ್ಟಣದಂತೆ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳ ನೋಂದಾಯಿತ ತಯಾರಕರಿಗೆ ಅದರಿಂದ ರಿಯಾಯಿತಿ ಕೊಟ್ಟರು. ಆಲೆಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವ ಕೈಗಳಿಗೆ ಅಗ್ಗದ ಪ್ಲಾಸ್ಟಿಕ್‌ನ ಎದುರು ಉಸಿರಾಡಲು ಸ್ವಲ್ಪ ಜಾಗ ಬೇಕು ಎಂಬುದನ್ನು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗಿಬಂದ ಯಾರಾದರೂ ಒಪ್ಪುತ್ತಾರೆ. ನನ್ನಂಥ ನಲವತ್ತು ದಾಟಿದ ಹುಡುಗರ ಹುಚ್ಚಿಗೆ ಬೇರೆ ಕಾನೂನು ಮಾಡಿ ಅಂತ ಕೇಳಲು ನನಗೆ ಬಾಯಿಲ್ಲ.

ಹತ್ತು ಪೌಂಡ್ ಅಂತ ಬರೆಯಿರಿ

ಬರೆಯಲು ನಾಚಿಕೆಯಾಗುವ ಒಂದು ಸಂಗತಿ ಇದೆ. ಹಣ ಕಟ್ಟಿದ ಮೇಲೆ ಆ ನಿವೃತ್ತರಿಗೆ ಒಂದು ಸಂದೇಶ ಕಳಿಸಿದೆ. ಪಾರ್ಸೆಲ್ ಮೇಲೆ ಅಂಟಿಸುವ ಸುಂಕದ ಚೀಟಿಯಲ್ಲಿ ಬೆಲೆ 60ರ ಬದಲು 10 ಪೌಂಡ್ ಅಂತ ಬರೆಯಬಹುದೇ ಎಂದು ಕೇಳಿದೆ. ಇದು ಎಲ್ಲರೂ ಮಾಡುವುದೇ, ನಾನೂ ಹಿಂದೆ ಮಾಡಿಸಿದ್ದೆ.

ಅವರು ಸಿಟ್ಟಾಗಲಿಲ್ಲ. ತಾವು ಪಡೆದದ್ದನ್ನೇ ಬರೆಯುವುದಾಗಿಯೂ, ದಾರಿಯಲ್ಲಿ ಪಾರ್ಸೆಲ್ ಕಳೆದರೆ ಚೀಟಿಯಲ್ಲಿ ಬರೆದಷ್ಟೇ ಪರಿಹಾರ ಸಿಗುವುದೆಂದೂ, ಬೇಡವೆಂದರೆ ಹಣ ವಾಪಸ್ ಕೊಡುವುದಾಗಿಯೂ ಮೂರೇ ಸಾಲಿನಲ್ಲಿ ಉತ್ತರಿಸಿದರು. ನಾನು ‘ಸರಿ, ಹಾಗೇ ಬರೆಯಿರಿ’ ಅಂದೆ.

ಅವರು ಹೇಳಿದ್ದು ವ್ಯವಹಾರದ ಮಾತು, ಆದರೆ ಪೂರ್ತಿ ನಿಜ. ಕಡಿಮೆ ಬೆಲೆ ತೋರಿಸುವುದು ನಮ್ಮ 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ತಪ್ಪು. ಸಿಕ್ಕಿಬಿದ್ದರೆ ವಸ್ತು ಮುಟ್ಟುಗೋಲು, ಮೇಲೆ ದಂಡ. ಅದನ್ನು ತೆರುವವರು ಕಳಿಸಿದವರಲ್ಲ, ತರಿಸಿದ ನಾವು. ಹಿಂದಿನ ವರ್ಷ ಹತ್ತು ಡಾಲರ್ ಎಂದು ಬರೆಸಿದ್ದ ನನ್ನ ಒಂದು ಪಾರ್ಸೆಲ್ ಒಡೆದು ಬಂದಾಗ ನಾನು ಯಾರ ಹತ್ತಿರವೂ ಬಾಯಿ ತೆರೆಯುವ ಹಾಗಿರಲಿಲ್ಲ. ಒಳಗಿದ್ದದ್ದು ಎಪ್ಪತ್ತು ಡಾಲರ್‌ನ ವಸ್ತು, ಕಾಗದದ ಮೇಲೆ ಹತ್ತು.

ಹೆಂಡತಿ ಸೇರಿಸಿದ ನಾಲ್ಕು ಕಾಲಂ

ಆ ಸಂಜೆ ಮನೆಗೆ ಬಂದಾಗ ಡಬ್ಬಿ ಊಟದ ಟೇಬಲ್ ಮೇಲಿತ್ತು. ಅದರ ಪಕ್ಕ ಸುಂಕದ ರಸೀದಿ, ಅದರ ಮೇಲೆ ಭಾರಕ್ಕೆ ಉಪ್ಪಿನ ಡಬ್ಬಿ. ಮಗಳು ಮಲಗುವತನಕ ಯಾರೂ ಆ ಮಾತು ಎತ್ತಲಿಲ್ಲ.

ನಾನು ಏನೂ ಮುಚ್ಚಿಟ್ಟಿಲ್ಲ ಎಂದು ತೋರಿಸಲು ಲ್ಯಾಪ್‌ಟಾಪ್ ತೆಗೆದು ನನ್ನ ಎಕ್ಸೆಲ್ ಹಾಳೆ ತೆರೆದೆ. ಐದು ವರ್ಷದಲ್ಲಿ 41 ಕಾರು, ಒಟ್ಟು ₹1,24,000. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎರಡು ನಿಮಿಷ ನೋಡಿ, ‘ಇದು ಬರೇ ಕಾರಿನ ಬೆಲಿ. ಉಳಿದದ್ದೆಲ್ಲಿ?’ ಅಂದಳು. ಪಕ್ಕದಲ್ಲಿ ನಾಲ್ಕು ಕಾಲಂ ಸೇರಿಸಿದಳು: ಅಂಚೆ, ಕಾರ್ಡಿನ ಖರ್ಚು, ಸುಂಕ, ನಷ್ಟ. ಹಳೆಯ ಕಾರ್ಡ್ ಬಿಲ್ಲುಗಳನ್ನು ತೆಗೆದು ರಾತ್ರಿ ಒಂದು ಗಂಟೆಯವರೆಗೆ ಇಬ್ಬರೂ ತುಂಬಿದೆವು.

ನಷ್ಟದ ಕಾಲಂ ನನಗೇ ಹೊಸದು. ಒಡೆದು ಬಂದ ಒಂದು. ಕಳೆದೇ ಹೋದ ಒಂದು. ಸುಂಕ ಜಾಸ್ತಿಯಾಯಿತೆಂದು ಬಿಡಿಸಿಕೊಳ್ಳದೆ ವಾಪಸ್ ಹೋದ ಒಂದು. ಅದರಲ್ಲಿ ಕಾರಿನ ಹಣ ಬಂತು, ಹೋಗುವ ಬರುವ ಅಂಚೆ ಖರ್ಚು ನನ್ನ ತಲೆಗೇ ಬಂತು. ನಕಲಿ ಮೂರು. ನಕಲಿ ಅಂದರೆ ಪೂರ್ತಿ ಸುಳ್ಳಲ್ಲ. ಕಾರು ಅಸಲಿ, ಆದರೆ ತಳದ ರಿವೆಟ್ ಕೊರೆದು ಬಿಚ್ಚಿ, ಬಣ್ಣ ಬಳಿದು, ಬೇರೆ ಗಾಲಿ ಹಾಕಿ, ‘ಅಪರೂಪದ ಬಣ್ಣ’ ಎಂದು ಮಾರಿದ್ದು. ಹೀಗಾಗಿ ತಳದ ಫೋಟೊ, ಅದರಲ್ಲೂ ರಿವೆಟ್‌ನ ಹತ್ತಿರದ ಫೋಟೊ ಕೊಡದ ಮಾರಾಟಗಾರನಿಂದ ಕೊಳ್ಳಬೇಡಿ. ಇನ್ನೊಂದು ಹಳೆಯ ಬ್ರಿಟಿಷ್ ಕಾರಿನ ಲೋಹವೇ ಬಿರುಕುಬಿಟ್ಟು, ಕೈಯಲ್ಲಿ ಹಿಡಿದರೆ ರೊಟ್ಟಿಯ ಚೂರಿನಂತೆ ಉದುರಿತು. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ದಶಕಗಳ ಮೇಲೆ ಹೀಗಾಗುತ್ತದೆ. ಅದಕ್ಕೆ ಔಷಧವಿಲ್ಲ.

ಕೆಲವು ಪಾರ್ಸೆಲ್‌ಗಳು ಸುಂಕವಿಲ್ಲದೆಯೂ ಬಂದಿದ್ದವು. ಈಗ ಅನ್ನಿಸುತ್ತದೆ, ನನ್ನನ್ನು ಕೆಡಿಸಿದ್ದೇ ಅವು. ಇಸ್ಪೀಟಿನಲ್ಲಿ ಮೊದಲ ಎರಡು ಆಟ ಗೆದ್ದವನ ಹಾಗೆ.

ಕೊನೆಯ ಸಾಲು ಕೂಡಿಸಿದಾಗ ₹1,24,000 ಹೋಗಿ ₹2,31,000 ಆಗಿತ್ತು. ಆ ಐದು ವರ್ಷವೂ ನಾನು ‘ಮನೆಸಾಲಕ್ಕ ಒಂದಿಷ್ಟು ಮುಂಗಡ ಕಟ್ಟೋಣ’ ಅಂತ ಅವಳು ಅಂದಾಗಲೆಲ್ಲ ‘ಮುಂದಿನ ವರ್ಷ ನೋಡೋಣ’ ಅಂದಿದ್ದೆ.

ಜಗಳವಾಗಬಹುದು ಅಂದುಕೊಂಡೆ. ಅವಳು ಲ್ಯಾಪ್‌ಟಾಪ್ ಮುಚ್ಚಿ, ‘ನಾ ರೊಕ್ಕದ್ದಲ್ಲ ಕೇಳೂದು. ನೀವ ನಿಮಗ ಸುಳ್ಳ ಲೆಕ್ಕ ಬರಕೊಂಡೀರಲ್ಲ, ಯಾಕ?’ ಅಂದಳು. ಆಮೇಲೆ ಡಬ್ಬಿ ತೋರಿಸಿ, ‘ಈ ಒಂದಕ್ಕ ಇಷ್ಟ ಕೊಡೂ ಅಂಥಾದ್ದೇನೈತಿ?’ ಎಂದು ಕೇಳಿದಳು.

ಆಗ ಹೇಳಿದೆ. ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

1989

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದ. ದಸರೆಗೆ ಬೋನಸ್ ಬರುತ್ತಿತ್ತು. ಆ ವರ್ಷ ನನಗೆ ಹತ್ತು, ತಮ್ಮನಿಗೆ ಏಳು. ಇಬ್ಬರಿಗೂ ಸೇರಿ ಒಂದೇ ಕಾರು ತಂದ. ಒಂದು ದಿನ ನನಗೆ, ಒಂದು ದಿನ ತಮ್ಮನಿಗೆ ಎಂದು ಅವ್ವ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು.

ದೀಪಾವಳಿಗೆ ಮುಂಚೆ ಒಂದು ದಿನ, ಅದು ತಮ್ಮನ ದಿನ, ಕಾರನ್ನು ಕದ್ದು ಸಾಲಿಗೆ ಒಯ್ದೆ. ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳ ಒಂದು ಕಟ್ಟಿಗೆ ಬದಲಾಗಿ ಅದನ್ನು ಗೆಳೆಯನಿಗೆ ಕೊಟ್ಟುಬಿಟ್ಟೆ. ಮಧ್ಯಾಹ್ನ ಮನೆಗೆ ಬಂದಾಗ ಹುಡುಕಾಟ ನಡೆದಿತ್ತು. ಅಪ್ಪ ಕೇಳಿದ. ‘ಇವತ್ತ ತಮ್ಮನ ಪಾಳಿ. ಬಯಲಾಗ ಒಯ್ದಿದ್ದ, ಕಳಕೊಂಡಿರಬೇಕು’ ಅಂದೆ.

ತಮ್ಮ ಇಲ್ಲ ಅಂದ. ಮತ್ತೆ ಇಲ್ಲ ಅಂದ. ಸುಳ್ಳು ಹೇಳುತ್ತಾನೆಂದು ಅಪ್ಪ ಬೆತ್ತ ತೆಗೆದ. ಮಕ್ಕಳಿಗೆ ಕೈಮಾಡುವ ಮನುಷ್ಯನಾಗಿರಲಿಲ್ಲ ಅವನು. ನನಗೆ ನೆನಪಿದ್ದಂತೆ ಅದೊಂದೇ ಸಲ. ರಾತ್ರಿ ತಮ್ಮ ಎಂದಿನಂತೆ ನನ್ನ ಅಂಗಿಯ ಚುಂಗು ಹಿಡಿದುಕೊಂಡೇ ಮಲಗಿದ. ಕಾರ್ಡುಗಳ ಕಟ್ಟು ನನ್ನ ಪಾಟಿಚೀಲದಲ್ಲಿತ್ತು.

ಅಪ್ಪ 2019ರಲ್ಲಿ ಹೋದ. ಅವನಿಗೆ ಹೇಳುವುದು ಆಗಲೇ ಇಲ್ಲ. ತಮ್ಮ ಹುಬ್ಬಳ್ಳಿಯಲ್ಲೇ ಉಳಿದ. ಕೇಶ್ವಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ, ಜೊತೆಗೆ ಪಟ್ಟಿ ಪೆನ್ನಿನ ವ್ಯಾಪಾರ. ಅವ್ವನ ಔಷಧ, ದವಾಖಾನೆ, ಮನೆಯ ಸೋರುವ ಮಾಳಿಗೆ, ಎಲ್ಲ ಅವನೇ ನೋಡುತ್ತಾನೆ. ನಾನು ಪುಣೆಯಿಂದ ತಿಂಗಳಿಗಿಷ್ಟು ಕಳಿಸುತ್ತೇನೆ. ಊರು ಬಿಟ್ಟ ನಮ್ಮಂಥ ದೊಡ್ಡ ಮಕ್ಕಳ ಪಾಲಿನ ಕೆಲಸ ಬಹಳ ಸಲ ಅಷ್ಟೇ ಆಗಿರುತ್ತದೆ.

ಎಲ್ಲ ಕೇಳಿದ ಹೆಂಡತಿ, ‘ಹಂಗಾದರ ಇದು ನಮ್ಮ ಕಪಾಟಿಗೆ ಬಂದ ಕಾರಲ್ಲ. ಇದು ಹುಬ್ಬಳ್ಳಿಗೆ ಹೋಗಬೇಕಾದ್ದು’ ಅಂದಳು.

ಎರಡೇ ಸೆಕೆಂಡು

ಹೇಳಿದಷ್ಟು ಸುಲಭವಿರಲಿಲ್ಲ. ಯುಗಾದಿಗೆ ಹೋದೆ, ಒಯ್ಯಲಿಲ್ಲ. ಗಣೇಶ ಚೌತಿಗೆ ಚೀಲದಲ್ಲಿಟ್ಟು ಮತ್ತೆ ತೆಗೆದೆ. ಕೊನೆಗೆ ಆ ವರ್ಷದ ದೀಪಾವಳಿಗೆ ರಾತ್ರಿ ಬಸ್ಸಿನಲ್ಲಿ ಹೊರಟಾಗ ಹೆಂಡತಿಯೇ ಅದನ್ನು ಬಟ್ಟೆಗಳ ನಡುವೆ ಇಟ್ಟಿದ್ದಳು. ನಿಪ್ಪಾಣಿ ದಾಟಿ ಕನ್ನಡದ ಬೋರ್ಡುಗಳು ಶುರುವಾದರೂ ನಿದ್ದೆ ಬರಲಿಲ್ಲ.

ಪಾಡ್ಯದ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತಿದ್ದೆವು. ಡಬ್ಬಿ ತೆಗೆದು ತಮ್ಮನ ಮುಂದಿಟ್ಟೆ. ಅವನು ಅದನ್ನು ಎತ್ತಿ ತಿರುಗಿಸಿ ನೋಡಿದ. ಗುರುತು ಸಿಕ್ಕಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಆರು ವರ್ಷದ ಮಗ ಬಂದು, ಅಪ್ಪನ ಕೈಯಿಂದ ಪ್ಯಾಕೆಟ್ ಕಸಿದುಕೊಂಡು, ಪ್ಲಾಸ್ಟಿಕ್ ಗುಳ್ಳೆಯನ್ನು ರಟ್ಟಿನಿಂದ ಪರ್‍ರ್ ಎಂದು ಕಿತ್ತ.

ನನ್ನ ಬಾಯಿಂದ ‘ಅಯ್ಯೋ’ ಬಂದೇಬಿಟ್ಟಿತು. ಮೂವತ್ತನಾಲ್ಕು ವರ್ಷ ಯಾರೂ ಒಡೆಯದೆ ಕಾದಿಟ್ಟ ಪ್ಯಾಕೆಟ್. ಸಂಗ್ರಾಹಕರ ಲೆಕ್ಕದಲ್ಲಿ ಆ ಎರಡು ಸೆಕೆಂಡಿನಲ್ಲಿ ಅದರ ಬೆಲೆ 60 ಪೌಂಡಿನಿಂದ 15ಕ್ಕೋ 20ಕ್ಕೋ ಇಳಿದಿತ್ತು.

ತಮ್ಮ ನನ್ನ ಮುಖ ನೋಡಿದ. ‘ಎಷ್ಟ ಕೊಟ್ಟೀಯೋ ಅಣ್ಣಾ ಇದಕ್ಕ?’

ಒಂದು ಸಂಖ್ಯೆ ಬಾಯಿಗೆ ಬಂದಿತ್ತು. ಮುನ್ನೂರು ಅಂತ ಅಂದುಬಿಡಬಹುದಿತ್ತು. ಅವನ ಅಂಗಡಿಯ ಬಾಡಿಗೆ ಎಷ್ಟು, ಅವ್ವನ ಔಷಧಕ್ಕೆ ತಿಂಗಳಿಗೆ ಎಷ್ಟು ಎಂದು ನನಗೆ ಗೊತ್ತಿತ್ತು. ಹದಿಮೂರು ಸಾವಿರ ಅಂದೆ. ಯಾಕೆ ಅಂದ. ಯಾಕೆಂದು ಹೇಳಿದೆ. ಕಾರ್ಡಿನ ಕಟ್ಟು, ಗೆಳೆಯ, ಪಾಳಿ, ಬೆತ್ತ, ಎಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತ್ತು. ಅವ್ವ ಕೇಳಿಸಿಕೊಳ್ಳುತ್ತಿದ್ದಳು.

ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮಗ ನೆಲದ ಮೇಲೆ ಕಾರು ಓಡಿಸುತ್ತಿದ್ದದ್ದನ್ನೇ ನೋಡುತ್ತಿದ್ದ. ಆಮೇಲೆ ಅಂದ: ‘ಅಪ್ಪ ಹೋಗೂತನಕ ನನಗ ಒಂದ ಸಂಶೆ ಇತ್ತು. ನಾನ ಕಳೆದಿದ್ನೋ ಏನೋ ಅಂತ. ಅಷ್ಟ ಸಲ ಎಲ್ಲಾರೂ ಅಂದ್ರ ಹಂಗ ಅನಸ್ತದ.’

ಸ್ವಲ್ಪ ತಡೆದು, ‘ಅವತ್ತ ಹೇಳಿದ್ರ ಒಂದ ರೂಪಾಯಿನೂ ಖರ್ಚ ಇರಲಿಲ್ಲಲ್ಲೋ’ ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಅವನು ಎದ್ದು ಅಂಗಿ ಹಾಕಿಕೊಂಡು, ‘ಬಾ, ಚಾ ಕುಡದ ಬರೂಣು’ ಎಂದು ಹೊರಟ. ದಾರಿಯುದ್ದಕ್ಕೂ ಆ ಮಾತು ಎತ್ತಲಿಲ್ಲ. ಚಹಾದ ದುಡ್ಡು ಕೊಡಲು ಹೋದರೆ ನನ್ನ ಕೈ ಸರಿಸಿದ.

ಈಗಿನ ಲೆಕ್ಕ

ಪುಣೆಗೆ ಬಂದ ಮೇಲೆ 41 ಕಾರುಗಳಲ್ಲಿ 22ನ್ನು ದೇಶದೊಳಗಿನ ಸಂಗ್ರಾಹಕರಿಗೆ ಮಾರಿದೆ. ಬಂದದ್ದು ₹58,000. ಇಲ್ಲಿ ಇನ್ನೊಂದು ಪಾಠ ಕಲಿತೆ. ಕೊಳ್ಳುವವರು ಕಾರಿನ ಬೆಲೆ ಕೊಡುತ್ತಾರೆ, ನೀವು ತೆತ್ತ ಸುಂಕವನ್ನು ಕೊಡುವುದಿಲ್ಲ. ‘ಇದು ಹೂಡಿಕೆ, ಬೆಲೆ ಏರುತ್ತದೆ’ ಎಂದು ನಮಗೆ ನಾವೇ ಹೇಳಿಕೊಳ್ಳುವ ಮಾತು ಅಲ್ಲಿಗೆ ಮುಗಿಯುತ್ತದೆ. ಅಂಚೆ, ಕಾರ್ಡಿನ ಖರ್ಚು, ಸುಂಕ ಮರಳಿ ಬರುವ ದುಡ್ಡಲ್ಲ. ಮಾರಿದ ಹಣ ಮನೆಸಾಲಕ್ಕೆ ಹೋಯಿತು.

ಪೂರ್ತಿ ಬಿಟ್ಟಿಲ್ಲ. ವರ್ಷಕ್ಕೆ ಒಂದೋ ಎರಡೋ ತರಿಸುತ್ತೇನೆ. ಕೊಳ್ಳುವ ಮೊದಲು ಪರದೆಯ ಮೇಲಿನ ಬೆಲೆಯ ಪಕ್ಕ ಹೆಂಡತಿಯ ನಾಲ್ಕು ಕಾಲಂ ತುಂಬುತ್ತೇನೆ. ಒಬ್ಬರೇ ಮಾರಾಟಗಾರರ ಹತ್ತಿರ ಎರಡು ಮೂರು ಕಾರಿದ್ದರೆ ಒಂದೇ ಪಾರ್ಸೆಲ್‌ನಲ್ಲಿ ಕಳಿಸಲು ಕೇಳುತ್ತೇನೆ. ಅಂಚೆ ಉಳಿದಷ್ಟೂ ಅದರ ಮೇಲಿನ ಸುಂಕವೂ ಉಳಿಯುತ್ತದೆ. ಚೀಟಿಯಲ್ಲಿ ನಿಜವಾದ ಬೆಲೆಯನ್ನೇ ಬರೆಸುತ್ತೇನೆ. ಪಾರ್ಸೆಲ್ ಬರುವ ವಾರ ಸುಂಕದ ದುಡ್ಡನ್ನು ಲಕೋಟೆಯಲ್ಲಿಟ್ಟು ಫ್ರಿಜ್ ಮೇಲೆ ಇಟ್ಟಿರುತ್ತೇನೆ. ಅದರ ಮೇಲೆ ಯಾವ ಕಾರು, ಎಷ್ಟು ಎಂದು ಬರೆದಿರುತ್ತದೆ.

ಮತ್ತೆ, ಪರದೇಶಕ್ಕೆ ಹೋಗುವ ಮೊದಲು ಪಕ್ಕದ ಸಂತೆ ನೋಡುವುದನ್ನು ಕಲಿತಿದ್ದೇನೆ. ಪುಣೆಯಲ್ಲಿರುವವರಿಗೆ ಜುನಾ ಬಜಾರ್ ಗೊತ್ತಿರುತ್ತದೆ, ಬುಧವಾರ ಮತ್ತು ಭಾನುವಾರ ಸೇರುತ್ತದೆ. ಮುಂಬೈಯವರಿಗೆ ಚೋರ್ ಬಜಾರ್ ಇದೆ. ಹೋದ ವರ್ಷ ಒಂದು ಭಾನುವಾರ ಹಳೆಯ ಬೀಗ, ಬೋಲ್ಟುಗಳ ರಾಶಿಯಲ್ಲಿ ಗಾಲಿ ಸವೆದ ಒಂದು ಪುಟ್ಟ ಕಾರು ಸಿಕ್ಕಿತು. ಮಗುಚಿ ನೋಡಿದೆ, ‘ಇಂಡಿಯಾ’ ಎಂಬ ಅಚ್ಚು. ಮಾರುವವನು ₹200 ಹೇಳಿ ₹150ಕ್ಕೆ ಕೊಟ್ಟ. ಬೇರೆ ಖರ್ಚೆಂದರೆ ಬಸ್ಸಿನ ಟಿಕೆಟ್ಟು.

ಕೆಂಪು ಕಾರು ಈಗ ಕೇಶ್ವಾಪುರದ ಅಂಗಡಿಯಲ್ಲಿ ಜೆರಾಕ್ಸ್ ಮಷಿನ್ ಪಕ್ಕ ಇರುತ್ತದೆ. ಮುಂದಿನ ಬಲಗಾಲಿ ಸೊಟ್ಟಗಾಗಿದೆ, ಮೂಲೆಗಳಲ್ಲಿ ಬಣ್ಣ ಹೋಗಿ ಬಿಳಿ ಲೋಹ ಕಾಣುತ್ತದೆ. ತಮ್ಮನ ಮಗ ಸಾಲಿ ಬಿಟ್ಟ ಮೇಲೆ ಬಂದು ಗಾಜಿನ ಕೌಂಟರಿನ ಮೇಲೆ ಅದನ್ನು ಓಡಿಸುತ್ತಾನೆ. ನಾನು ಹೋದಾಗ ನನಗೂ ಕೊಡುತ್ತಾನೆ, ಆದರೆ ಪಾಳಿಯ ಪ್ರಕಾರ.